ಸಾಕ್ಷಿ ಹೇಳಲು ಹೊರಟ ಮಗಳಿಗೆ

ಹಿರಿಯೂರು
ಗುರುವಾರ ರಾತ್ರಿ

ಪುಟ್ಟಿ,

ಭಾನುವಾರ ಫೋನಿನಲ್ಲಿ ಏನೇನು ಮಾತಾಯಿತು ಅಂತ ಇಬ್ಬರಿಗೂ ನೆನಪಿದೆ. ಪೌರಕಾರ್ಮಿಕ ತಾಯಿಗೆ ಕಾರು ಗುದ್ದಿದ್ದನ್ನು ಕಂಡು ನೀನು ಕೊಟ್ಟ ಹೇಳಿಕೆ ವಾಪಸ್ ತಗೋ ಅಂತ ನಾನಂದೆ. ಮಿಕ್ಕಿದ್ದನ್ನೆಲ್ಲ ಮತ್ತೆ ಬರೆಯಲ್ಲ. ಫೋನ್ ಇಡುವ ಮುಂಚೆ "ನೀನೂ ಡ್ರೈವರೇ ಅಲ್ವಾ ಅಪ್ಪ, ಡ್ರೈವರ್ ಪರಾನೇ ಮಾತಾಡ್ತೀಯ" ಅಂದೆಯಲ್ಲ, ಅದೊಂದು ಮಾತು ನಾಲ್ಕು ದಿನದಿಂದ ಕೊರೆಯುತ್ತಿದೆ. ಬಾಯಲ್ಲಿ ಹೇಳೋಕೆ ಆಗಲ್ಲ. ಅದಕ್ಕೇ ಕಾಗದ.

ನನ್ನ ಕೈಯಿಂದ ಒಂದು ಆಕ್ಸಿಡೆಂಟ್ ಆಗಿತ್ತು ಅಂತ ನಿನಗೆ ಗೊತ್ತು. ಅಜ್ಜ ಒಬ್ಬರು ಇದ್ದಕ್ಕಿದ್ದಂತೆ ಅಡ್ಡ ಬಂದರು ಅಂತ ಮನೆಯಲ್ಲಿ ಹೇಳಿದ್ದೆ. ಅದು ಸುಳ್ಳು.

1999ರ ನವೆಂಬರ್. ಚಿತ್ರದುರ್ಗದಿಂದ ಯಶವಂತಪುರಕ್ಕೆ ಈರುಳ್ಳಿ ಲೋಡು. ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಪಕ್ಕದಲ್ಲಿ ಕ್ಲೀನರ್ ಮಲಗಿದ್ದ. ಹಿರಿಯೂರು ಇನ್ನು ಆರೇಳು ಕಿಲೋಮೀಟರ್ ಇತ್ತು. ಬೆಳಗ್ಗೆ ಆರೂವರೆ, ಚೆನ್ನಾಗಿ ಬೆಳಕಾಗಿತ್ತು. ಅಜ್ಜ ರಸ್ತೆ ದಾಟುತ್ತಿರಲಿಲ್ಲ. ಟಾರು ಬಿಟ್ಟು ಪಕ್ಕದ ಮಣ್ಣಿನಲ್ಲಿ, ತಲೆ ಮೇಲೆ ಶೇಂಗಾ ಬಳ್ಳಿಯ ಹೊರೆ ಹೊತ್ತುಕೊಂಡು ಹೋಗುತ್ತಿದ್ದರು. ನನ್ನ ಕಣ್ಣು ಮುಚ್ಚಿತು. ಎಡಗಡೆ ಚಕ್ರ ಮಣ್ಣಿಗೆ ಇಳಿದ ಸದ್ದಿಗೆ ಬಿಟ್ಟು ನೋಡಿದೆ. ಮುಂದಿನ ಗಾಜಿನ ತುಂಬ ಶೇಂಗಾ ಬಳ್ಳಿ. ರಸ್ತೆ ಕಾಣಲಿಲ್ಲ.

ಬ್ರೇಕ್ ಹಾಕಿದೆ. ಗಾಡಿ ನಿಂತಿತು. ಕನ್ನಡಿಯಲ್ಲಿ ಅಜ್ಜ ಕಂಡರು. ಕಂಡ ಮೇಲೆ ಫಸ್ಟ್ ಗೇರ್ ಹಾಕಿದೆ.

ಇದನ್ನು ನಿಮ್ಮಮ್ಮನಿಗೂ ಹೇಳಿಲ್ಲ. ಲೈನಿನಲ್ಲಿ ದೊಡ್ಡ ಡ್ರೈವರುಗಳು ನಮಗೆ ಹೇಳಿಕೊಟ್ಟಿದ್ದೇ ಅದು. ಗುದ್ದಿದರೆ ನಿಲ್ಲಬೇಡ, ಜನ ಸಾಯಿಸಿಬಿಡ್ತಾರೆ, ಮುಂದಿನ ಸ್ಟೇಷನ್ನಿಗೆ ಹೋಗಿ ಹೇಳು ಅಂತ. ಆದರೆ ನಾನು ಸ್ಟೇಷನ್ನಿನಲ್ಲಿ ನಿಲ್ಲಿಸುತ್ತಿದ್ದೆನಾ? ಇಷ್ಟು ವರ್ಷ ಆದರೂ ಹೌದು ಅನ್ನೋಕೆ ಧೈರ್ಯ ಇಲ್ಲ. ಗಾಡಿ ನಾಲ್ಕು ಮಾರು ಮುಂದೆ ಹೋಯಿತು. ಅಷ್ಟರಲ್ಲಿ ಒಬ್ಬರು ಹಾಲಿನ ಕ್ಯಾನು ಕಟ್ಟಿದ ಸೈಕಲ್ಲನ್ನು ಗಾಡಿ ಮುಂದೆ ಮಲಗಿಸಿ, ತಾವೂ ನಿಂತರು. ಕೂಗಲಿಲ್ಲ, ಬೈಯಲಿಲ್ಲ. ಹಾಲು ರಸ್ತೆ ಮೇಲೆ ಹರಿಯುತ್ತಿತ್ತು. ಹತ್ತಿರ ಬಂದು ಬಾಗಿಲು ತೆಗೆದು ಕೀ ಕಿತ್ತುಕೊಂಡರು. "ಇಳಿ. ಅವರನ್ನ ಎತ್ತಬೇಕು. ನನ್ನೊಬ್ಬನ ಕೈಲಿ ಆಗಲ್ಲ" ಅಂದರು.

ಅಷ್ಟೇ ಅಂದಿದ್ದು.

ಇಬ್ಬರೂ ಎತ್ತಿದೆವು. ಜನ ಸೇರಿದರು. ಯಾರೋ ಬೆನ್ನಿಗೆ ಕಲ್ಲಿನಿಂದ ಹೊಡೆದರು. ಅವರು ನಡುವೆ ಬಂದು, "ಇವನಿಗೆ ಹೊಡೆಯೋ ಹೊತ್ತಲ್ಲಿ ಒಂದು ಟೆಂಪೋ ನಿಲ್ಲಿಸಿ" ಅಂದರು. ಆಗ 108 ಎಲ್ಲಿತ್ತು? ಟೆಂಪೋ ಹಿಂದೆ ಅಜ್ಜನ ತಲೆ ನನ್ನ ತೊಡೆ ಮೇಲಿತ್ತು. ಕೂದಲಲ್ಲಿ ಶೇಂಗಾ ಗಿಡದ ಮಣ್ಣು. ಒರೆಸಲಾ ಬೇಡವಾ ಅಂತ ದಾರಿಯುದ್ದಕ್ಕೂ ಯೋಚನೆ ಮಾಡುತ್ತಿದ್ದೆ. ಒರೆಸಲಿಲ್ಲ. ಮಧ್ಯಾಹ್ನದ ಒಳಗೆ ಅವರು ತೀರಿಕೊಂಡರು.

ಲಾರಿ ಮಾಲೀಕರು ಹತ್ತು ಸಾವಿರ ಕೊಟ್ಟು, ಆ ಹಾಲಿನವರ ಮನೆಗೆ ಹೋಗಿ ಬಾ ಅಂದರು. ಹೋದೆ. ಎಷ್ಟು ದೊಡ್ಡ ಮೊತ್ತ ಆಗ! ಅವರು ನನ್ನನ್ನು ಜಗಲಿ ಮೇಲೆ ಕೂರಿಸಿ ಬೆಲ್ಲ, ನೀರು ಕೊಟ್ಟರು. ದುಡ್ಡಿನ ಕಡೆ ನೋಡಲಿಲ್ಲ. "ನಾನು ಕಂಡಿದ್ದು ಹೇಳ್ತೀನಿ. ನೀನು ಎತ್ತಿದ್ದನ್ನೂ ಕಂಡಿದೀನಿ" ಅಂದರು. ಕೋರ್ಟಿನಲ್ಲಿ ಹಾಗೇ ಹೇಳಿದರು. ಅಜ್ಜ ಮಣ್ಣಿನಲ್ಲಿದ್ದರು ಅಂದರು. ಗಾಡಿ ಮುಂದಕ್ಕೆ ಹೊರಟಿತು ಅಂದರು. ಆಮೇಲೆ ಆಸ್ಪತ್ರೆ ತನಕ ಡ್ರೈವರ್ ಬಿಟ್ಟು ಹೋಗಲಿಲ್ಲ ಅಂತಲೂ ಹೇಳಿದರು. ಅದಕ್ಕಾಗಿ ಏಳು ಸಲ ಕೋರ್ಟಿಗೆ ಸೈಕಲ್ ತುಳಿದುಕೊಂಡು ಬಂದಿದ್ದರು. ಆರು ಸಲ ಕೇಸು ಮುಂದಕ್ಕೆ ಹೋಗಿ, ವರಾಂಡದಲ್ಲಿ ಬುತ್ತಿ ಬಿಚ್ಚಿ ಉಂಡು ವಾಪಸ್ ಹೋದರು. ನಾನು ದೂರದಿಂದ ನೋಡುತ್ತಿದ್ದೆ.

2003ರಲ್ಲಿ ಆರು ತಿಂಗಳು ಶಿಕ್ಷೆ ಆಯಿತು. ಅಪೀಲು ಹಾಕು ಅಂದರು, ಹಾಕಲಿಲ್ಲ. ನೀನಾಗ ಒಂದನೇ ಕ್ಲಾಸು. ಅಪ್ಪ ಗುವಾಹಟಿಗೆ ಲೋಡ್ ತಗೊಂಡು ಹೋಗಿದಾರೆ ಅಂತ ಅಮ್ಮ ನಿನಗೆ ಹೇಳಿದ್ದಳು. ಆಮೇಲೆ ಯಾರಾದರೂ ನಿನ್ನ ಕಿವಿಗೆ ಹಾಕಿರಬಹುದು. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ಅವತ್ತು ಆ ಸೈಕಲ್ ಅಡ್ಡ ಬರದೆ ನಾನು ಹೋಗಿಬಿಟ್ಟಿದ್ದರೆ, ಗಾಡಿ ಯಾವುದು ಅಂತ ಗೊತ್ತಾಗದೆ ಇದ್ದಿದ್ದರೆ, ಅಜ್ಜನ ಮನೆಯವರಿಗೆ ಸರ್ಕಾರದಿಂದ ಸಿಗುತ್ತಿದ್ದದ್ದು 25,000 ರೂಪಾಯಿ. ಆಗ ಅಷ್ಟೇ ಇತ್ತು. 2022ರ ಏಪ್ರಿಲ್‌ನಿಂದ ಸತ್ತರೆ 2 ಲಕ್ಷ, ದೊಡ್ಡ ಗಾಯಕ್ಕೆ 50,000 ಮಾಡಿದ್ದಾರೆ. ಗಾಡಿ ನಂಬರ್ ಗೊತ್ತಿದ್ದರೆ ಲೆಕ್ಕವೇ ಬೇರೆ. ಇನ್ಶೂರೆನ್ಸ್ ಕಂಪನಿಯಿಂದ ವಯಸ್ಸು, ದುಡಿಮೆ, ಮನೆಯಲ್ಲಿ ಎಷ್ಟು ಜನ ಅಂತ ನೋಡಿ ಕೊಡಿಸುತ್ತಾರೆ. ನಡೆಯುವವರದೇ ತಪ್ಪು ಅಂತ ವಾದ ಗೆದ್ದರೆ ಅದರಲ್ಲೂ ಕಡಿತ. ನೀನು ಬರೆದುಕೊಂಡ ಆ ನಂಬರು, ಆ ಪೌರಕಾರ್ಮಿಕ ತಾಯಿ ಫುಟ್‌ಪಾತ್ ಪಕ್ಕದಲ್ಲೇ ಗುಡಿಸುತ್ತಿದ್ದರು ಅನ್ನುವ ನಿನ್ನ ಮಾತು, ಇವೆರಡೇ ಅವರಿಗಿರುವುದು. ಇನ್ನೂ ಕೋಲು ಹಿಡಿದು ನಡೀತಾರೆ ಅಂದೆಯಲ್ಲ.

ಇಷ್ಟೆಲ್ಲ ಗೊತ್ತಿದ್ದವನು ಹೇಳಿಕೆ ವಾಪಸ್ ತಗೋ ಅಂತ ಯಾಕೆ ಅಂದೆ? ಕಾರು ಓಡಿಸಿದ ಆ ಹುಡುಗನ ಅಪ್ಪ ನಿನ್ನ ಪಿಜಿ ಬಾಗಿಲಿಗೆ ಬಂದಿದ್ದರು ಅಂದಾಗ ನಡುಗಿಹೋದೆ. ದುಡ್ಡಿರುವವರು, ನೀನು ಒಬ್ಬಳೇ. ಜೊತೆಗೆ, ಲಕೋಟೆ ಹಿಡಿದುಕೊಂಡು ನಿಂತ ಆ ಮನುಷ್ಯ ನಾನೇ ಅನ್ನಿಸಿತು. ತಪ್ಪಾಯಿತು ಮಗಳೇ. ವಾಪಸ್ ತಗೋಬೇಡ.

ಕೋರ್ಟಿನಲ್ಲಿ ಸ್ಪೀಡ್ ಎಷ್ಟಿತ್ತು ಅಂತ ಕೇಳುತ್ತಾರೆ. ಎಂಬತ್ತು, ತೊಂಬತ್ತು ಅಂತ ಅಂದಾಜು ಹೇಳಬೇಡ. ನಿನ್ನ ಕೈಲಿ ಮೀಟರ್ ಇತ್ತಾ ಅಂತ ವಕೀಲರು ಹಿಡಿದುಕೊಳ್ಳುತ್ತಾರೆ. ನೀನು ಎಲ್ಲಿ ನಿಂತಿದ್ದೆ, ಬೆಳಕು ಎಷ್ಟಿತ್ತು, ಕಾರು ಯಾವ ಕಡೆಯಿಂದ ಬಂತು, ಅವರು ಎಲ್ಲಿ ಬಿದ್ದರು, ಇಷ್ಟು ಸಾಕು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು. ವಿಡಿಯೋ ತೆಗೆದ ಫೋನ್ ಮಾರಬೇಡ, ಹೊಸದು ತಗೊಂಡರೂ ಅದನ್ನು ಜೋಪಾನವಾಗಿ ಇಟ್ಟುಕೋ. ವಿಡಿಯೋ ಎಲ್ಲೂ ಹಾಕಬೇಡ. ಆ ಹುಡುಗನ ಮನೆಯವರು ಬಂದರೆ ಬಾಗಿಲಲ್ಲೇ ಮಾತಾಡು, ಬೆದರಿಸಿದರೆ ತಕ್ಷಣ 112ಕ್ಕೆ ಮಾಡು. ಬೆದರಿಸದೆ ಅತ್ತರೆ ಒಂದು ಲೋಟ ನೀರು ಕೊಡು.

ಸಹಾಯ ಮಾಡಿದವರಿಗೆ ತೊಂದರೆ ಕೊಡಬಾರದು ಅಂತ ನಮ್ಮ ರಾಜ್ಯದ್ದೇ 2016ರ ಕಾನೂನಿದೆ, 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೂ ಸೇರಿಸಿದ್ದಾರೆ. ಡ್ರೈವಿಂಗ್ ಕಲಿಯೋಕೆ ಬರುವ ಹುಡುಗರಿಗೆ ನಾನೇ ಇದನ್ನು ಹೇಳಿಕೊಡುತ್ತೇನೆ. 2022 ಒಂದೇ ವರ್ಷದಲ್ಲಿ ದೇಶದಲ್ಲಿ ನಡೆದು ಹೋಗುವವರೇ 32,825 ಜನ ಸತ್ತರು ಅಂತಲೂ ಹೇಳುತ್ತೇನೆ. ಗುದ್ದಿ ಓಡಿದವರಿಗೆ ಹತ್ತು ವರ್ಷದ ತನಕ ಜೈಲು ಅನ್ನುವ ಕಾನೂನಿನ ವಿರುದ್ಧ 2024ರ ಜನವರಿಯಲ್ಲಿ ಲಾರಿಯವರು ಮುಷ್ಕರ ಮಾಡಿದಾಗ ನನ್ನ ಹಳೇ ಸ್ನೇಹಿತರು ಕರೆದರು. ಹೊಡೆತದ ಭಯ ಸುಳ್ಳಲ್ಲ, ನನ್ನ ಬೆನ್ನಿಗೆ ಗೊತ್ತು. ಆದರೂ ಹೋಗಲಿಲ್ಲ.

ನೀನು ಕಳಿಸಿದ ವಿಡಿಯೋವನ್ನು ಇವತ್ತು ಮತ್ತೆ ನೋಡಿದೆ. ಮೊದಲ ಸಲ ಕಾರನ್ನೇ ನೋಡಿದ್ದೆ, ಡ್ರೈವರ್ ಕಣ್ಣು. ಇವತ್ತು ನಿನ್ನ ಧ್ವನಿ ಕೇಳಿಸಿಕೊಂಡೆ. ಜನ ಆ ಹುಡುಗನ ಕೊರಳಪಟ್ಟಿ ಹಿಡಿದು ಎಳೆಯುತ್ತಿದ್ದಾರೆ. ನೀನು ಕಿರುಚುತ್ತಿದ್ದೀಯ, "ಹೊಡೀಬೇಡಿ, ಮೊದಲು ಅವರನ್ನ ಎತ್ತಿ, ನೀನೂ ಬಾ, ಎತ್ತು" ಅಂತ. ನಿಮ್ಮಮ್ಮ ಅಡುಗೆಮನೆಯಿಂದ ಬಂದು ಯಾಕೆ ಅಳ್ತಿದೀರ ಅಂದಳು. ಅವಳಿಗೂ ಇವತ್ತು ಎಲ್ಲ ಹೇಳಬೇಕು. ಕಾಗದ ಅವಳ ಕೈಗೆ ಕೊಟ್ಟು ಓದಿಸಿ, ಆಮೇಲೆ ಪೋಸ್ಟ್ ಮಾಡುತ್ತೇನೆ.

ಇಪ್ಪತ್ತಾರನೇ ತಾರೀಕು ನಿನ್ನ ಕೇಸು. ಬೆಳಗಿನ ಐದು ಗಂಟೆ ಬಸ್ಸಿಗೆ ಹೊರಟರೆ ಕೋರ್ಟ್ ಶುರುವಾಗುವ ಮುಂಚೆ ಬರುತ್ತೇನೆ. ಮುಂದಕ್ಕೆ ಹಾಕಿದರೆ ಮುಂದಿನ ತಾರೀಕಿಗೂ ಬರುತ್ತೇನೆ. ಬುತ್ತಿ ಇಬ್ಬರಿಗೂ ಕಟ್ಟಿಸಿಕೊಂಡು ಬರ್ತೀನಿ. ನಾನು ಬರೋದು ಬೇಡ ಅನ್ನಿಸಿದರೆ ಅಮ್ಮನಿಗೆ ಫೋನ್ ಮಾಡಿ ಹೇಳು.

ನಿನ್ನ ಅಪ್ಪ