ರಂಧ್ರಗಳ ಲೆಕ್ಕವೇ ಮುಖ್ಯವಲ್ಲ

ಮಾನ್ಯರೇ,

ಪಿತ್ತಕೋಶದ ಕಲ್ಲಿಗೆ 'ಒಂದೇ ರಂಧ್ರದಲ್ಲಿ ಶಸ್ತ್ರಚಿಕಿತ್ಸೆ, ಕಲೆಯೂ ಉಳಿಯದು' ಎಂಬ ಜಾಹೀರಾತುಗಳನ್ನು ಈಚೆಗೆ ಮತ್ತೆ ಮತ್ತೆ ಕಾಣುತ್ತಿದ್ದೇನೆ. ಬಹುಕಾಲ ಇದೇ ಕೆಲಸ ಮಾಡಿ ನಿವೃತ್ತನಾದವನಾಗಿ ನಾಲ್ಕು ಮಾತು ಹೇಳಬೇಕೆನಿಸಿತು.

ಕಲ್ಲಿರುವ ಪಿತ್ತಕೋಶವನ್ನೇ ತೆಗೆಯುವ ರೂಢಿಯ ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ರಂಧ್ರಗಳ ಶಸ್ತ್ರಚಿಕಿತ್ಸೆ) ಹೊಕ್ಕುಳ ಬಳಿ ಕ್ಯಾಮೆರಾಕ್ಕೆ ಒಂದು, ಉಪಕರಣಗಳಿಗೆ ಮೂರು, ಹೀಗೆ 5ರಿಂದ 10 ಮಿ.ಮೀ. ಅಳತೆಯ ನಾಲ್ಕು ರಂಧ್ರಗಳಿರುತ್ತವೆ. ಅವುಗಳ ನಡುವೆ ಅಂತರ ಬಿಡುವುದು ಸುಮ್ಮನೆ ಅಲ್ಲ. ಪಿತ್ತಕೋಶದ ತಲೆಯನ್ನು ಬಲಭುಜದ ಕಡೆಗೆ ಎತ್ತಿ, ಅದರ ಕುತ್ತಿಗೆಯನ್ನು ಹೊರಮಗ್ಗುಲಿಗೆ ಎಳೆದು ಹಿಡಿದಾಗ ಮಾತ್ರ ಪಿತ್ತಕೋಶದ ನಾಳ, ರಕ್ತನಾಳಗಳಿರುವ ಕಲೋ ತ್ರಿಕೋನವೆಂಬ ಜಾಗ ಬಿಚ್ಚಿಕೊಳ್ಳುತ್ತದೆ. ಬರಿದೇ ಮೇಲಕ್ಕೆ ಎಳೆದರೆ ಕತ್ತರಿಸಬೇಕಾದ ಪಿತ್ತಕೋಶದ ನಾಳವೂ ಉಳಿಸಬೇಕಾದ ಮುಖ್ಯ ಪಿತ್ತನಾಳವೂ ಒಂದೇ ಗೆರೆಗೆ ಬಂದು, ಒಂದನ್ನು ಇನ್ನೊಂದೆಂದು ಭ್ರಮಿಸಿ ಕತ್ತರಿಸುವ ಅಪಾಯವಿದೆ. ಒಂದೇ ರಂಧ್ರದಲ್ಲಿ ಉಪಕರಣಗಳು ಅಕ್ಕಪಕ್ಕ ಹೋಗುವುದರಿಂದ ಈ ಎಳೆತ ಸುಲಭವಲ್ಲ. ಮುಖ್ಯನಾಳ ತುಂಡಾದರೆ ಕರುಳಿನ ತುಣುಕನ್ನು ತಂದು ಅದಕ್ಕೆ ಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಕಲೆಯ ಚಿಂತೆ ಆಗ ಯಾರಿಗೂ ಇರುವುದಿಲ್ಲ.

ಅಮೆರಿಕದ ಶಸ್ತ್ರಚಿಕಿತ್ಸಕ ಸ್ಟ್ರಾಸ್‌ಬರ್ಗ್ 1995ರಲ್ಲಿ ವಿವರಿಸಿದ 'ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ', ಅಂದರೆ ಸುರಕ್ಷತೆಯ ನಿರ್ಣಾಯಕ ನೋಟ, ಇದಕ್ಕೆ ಮದ್ದು: ತ್ರಿಕೋನದ ಕೊಬ್ಬನ್ನೂ ನಾರನ್ನೂ ಬಿಡಿಸಿ, ಪಿತ್ತಕೋಶದ ಕೆಳಗಿನ ಮೂರನೆಯ ಒಂದು ಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಿ, ಒಂದು ನಾಳ, ಒಂದು ರಕ್ತನಾಳ, ಇವೆರಡೇ ಪಿತ್ತಕೋಶವನ್ನು ಸೇರುತ್ತಿವೆ ಎಂದು ಕಣ್ಣಾರೆ ಕಂಡ ಮೇಲೆಯೇ, ಕತ್ತರಿಸುವ ಮುನ್ನ ಅವನ್ನು ಮುಚ್ಚುವ ಕ್ಲಿಪ್ ಹಾಕಬೇಕು. ಉರಿಯೂತದಿಂದ ಎಲ್ಲವೂ ಅಂಟಿಕೊಂಡು ಈ ನೋಟ ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಪಿತ್ತಕೋಶದ ಒಂದಿಷ್ಟು ಭಾಗವನ್ನು ಒಳಗೇ ಬಿಡುವುದೋ, ಹೊಟ್ಟೆ ತೆರೆಯುವುದೋ ವಿವೇಕ. 1882ರಲ್ಲಿ ಬರ್ಲಿನ್ನಿನ ಶಸ್ತ್ರಚಿಕಿತ್ಸಕ ಲಾಂಗೆನ್‌ಬುಖ್ ಹೊಟ್ಟೆ ತೆರೆದೇ ಮೊದಲ ಪಿತ್ತಕೋಶ ತೆಗೆದದ್ದು. ಜರ್ಮನಿಯವರೇ ಆದ ಶಸ್ತ್ರಚಿಕಿತ್ಸಕ ಮ್ಯೂಹೆ ಮೊದಲ ಬಾರಿಗೆ ಲ್ಯಾಪರೊಸ್ಕೋಪಿಯಿಂದ ತೆಗೆದದ್ದು 1985ರಲ್ಲಿ. ಹಳೆಯ ದಾರಿ ಇಂದಿಗೂ ಮುಚ್ಚಿಲ್ಲ. 'ಲ್ಯಾಪರೊಸ್ಕೋಪಿ ಎಂದು ಹೇಳಿ ಹೊಟ್ಟೆ ಕೊಯ್ದರು' ಎಂದು ಬಂಧುಗಳಿಂದ ಬೈಗುಳ ತಿಂದವರಲ್ಲಿ ನಾನೂ ಒಬ್ಬ. ಆದರೆ ಆ ಬೈಗುಳಕ್ಕೆ ಹೆದರಿ ಕಾಣದ ನಾಳಕ್ಕೆ ಕ್ಲಿಪ್ ಹಾಕುವ ವೈದ್ಯನ ಕೈಗೆ ನನ್ನ ಹೊಟ್ಟೆಯನ್ನಂತೂ ಒಪ್ಪಿಸಲಾರೆ.

ಆದ್ದರಿಂದ ಆಸ್ಪತ್ರೆಗಳಲ್ಲಿ ನನ್ನ ಕೋರಿಕೆ ಇಷ್ಟೇ: ಕ್ಯಾಮೆರಾ ಹೇಗೂ ಹೊಟ್ಟೆಯೊಳಗೇ ಇರುತ್ತದೆ. ನಾಳವನ್ನು ಕತ್ತರಿಸುವ ಮುನ್ನ ಆ ತ್ರಿಕೋನದ ಮುಂಬದಿಯ ಒಂದು, ಹಿಂಬದಿಯ ಒಂದು ಚಿತ್ರ ತೆಗೆದು, ಡಿಸ್ಚಾರ್ಜ್ ಪತ್ರದ ಜೊತೆಗೆ ರೋಗಿಗೆ ಕೊಡಲಿ. ಚಿತ್ರ ಸಿಗದಿದ್ದರೆ ಏಕೆ ಸಿಗಲಿಲ್ಲ, ಆಗ ಏನು ಮಾಡಲಾಯಿತು ಎಂಬುದನ್ನು ಅದೇ ಪತ್ರದಲ್ಲಿ ಬರೆಯಲಿ.

– ಒಬ್ಬ ನಿವೃತ್ತ ಶಸ್ತ್ರಚಿಕಿತ್ಸಕ, ಧಾರವಾಡ