ಪರಶೂಗೊಂದು ಪತ್ರ: ಬೆಲ್ಲ ಕಡೆಗೆ ಹಾಕು

ಪರಶು,

ನಮ್ಮಲ್ಲಿ ಉಂಡು ಹೋದಾಗಿನಿಂದ ಆ ಪೋರ್ಕ್ ಹೇಗೆ ಮಾಡಿದ್ದು ಅಂತ ವೈನಿ ಕೇಳುತ್ತಲೇ ಇದ್ದಾರೆ ಅಂದೆಯಲ್ಲ. ಫೋನಿನಲ್ಲಿ ಹೇಳಿದರೆ ನೀನು ಬಾಗಲಕೋಟೆ ಮುಟ್ಟೋದರೊಳಗೆ ಅರ್ಧ ಮರೆತಿರುತ್ತೀಯ, ಅದಕ್ಕೇ ಇಲ್ಲಿ ಬರೆದು ಹಾಕುತ್ತಿದ್ದೇನೆ. ಬೇರೆ ಯಾರಿಗಾದರೂ ಬೇಕಾದರೆ ಅವರೂ ಮಾಡಿಕೊಳ್ಳಲಿ.

ಮಾಂಸಕ್ಕೆ ಸಿಹಿನಾ ಅಂತ ಮೂಗು ಮುರಿಯಬೇಡ. ನಿಮ್ಮವ್ವ ಮಾಡೋ ಎಣ್ಣೆಗಾಯಿ ಬದನೆಕಾಯಿಯಲ್ಲಿ ಏನಿರುತ್ತದೆ? ಖಾರ, ಹುಣಸೆಹಣ್ಣು, ಬೆಲ್ಲ. ಇಲ್ಲೂ ಅದೇ ಮೂರು. ಪೋರ್ಕಿನ ಜಿಡ್ಡು ಬಾಯಿಗೆ ಹತ್ತಿ ನಾಲ್ಕು ತುತ್ತಿಗೇ ಸಾಕು ಅನಿಸುತ್ತದೆ, ಹುಳಿ ಇದ್ದರೆ ಹಾಗಾಗೋದಿಲ್ಲ. ಗೋವಾದವರು ವಿನೆಗರ್ ಹಾಕುತ್ತಾರೆ, ಕೊಡಗಿನವರು ಕಾಚಂಪುಳಿ. ನಮಗೆ ಹುಣಸೆಹಣ್ಣೇ ಸಾಕು, ಅದರ ಜೋರು ತಗ್ಗಿಸೋಕೆ ಬೆಲ್ಲ.

ಐದಾರು ಜನಕ್ಕೆ ಒಂದು ಕೆಜಿ ತಗೋ. ಮುಂಗಾಲಿನ ಮೇಲಿನ ಭಾಗ ಕೇಳು, ಸ್ವಲ್ಪ ಕೊಬ್ಬು ಇರಲೇಬೇಕು, ಬರೀ ಕೆಂಪು ಮಾಂಸ ಆದರೆ ನಾರುನಾರಾಗುತ್ತದೆ. ನಾನು ಇಲ್ಲಿ ಬೆಳಗಾವಿಯ ಕ್ಯಾಂಪ್ ಕಡೆಯಿಂದ ತರುತ್ತೇನೆ. ನೀನು ಇಲ್ಲಿಂದಲೇ ಒಯ್ಯೋದಾದರೆ ಐಸ್ ತುಂಬಿದ ಡಬ್ಬಿ ತಗೊಂಡು ಬಾ, ಬೇಸಿಗೆಯಲ್ಲಿ ಬಸ್ಸಿನಲ್ಲಿ ಸುಮ್ನೆ ಚೀಲದಲ್ಲಿ ಹಾಕಿಕೊಂಡು ಹೋಗೋ ಸಾಹಸ ಬೇಡ.

ದೊಡ್ಡ ತುಂಡು ಮಾಡಿ ಕುಕ್ಕರಿಗೆ ಹಾಕು. ಅರ್ಧ ಚಮಚ ಅರಿಶಿನ, ಒಂದೂವರೆ ಚಮಚ ಉಪ್ಪು, ಜಜ್ಜಿದ ಬಳ್ಳೊಳ್ಳಿ, ಹಸಿಶುಂಠಿ, ಹತ್ತು ಕಾಳು ಮೆಣಸು, ಒಂದು ಲೋಟ ನೀರು. ಎಣ್ಣೆ ಬೇಡವೇ ಬೇಡ. ಒಂದು ಸೀಟಿ ಆದ ಮೇಲೆ ಉರಿ ಸಣ್ಣ ಮಾಡಿ ಇಪ್ಪತ್ತು ನಿಮಿಷ ಬಿಡು. ಹಂದಿ ಮಾಂಸದಲ್ಲಿ ಲಾಡಿಹುಳುವಿನ ಭಯ ಇರುತ್ತದಲ್ವಾ, ಕುಕ್ಕರಿನ ಒಳಗೆ ಶಾಖ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗುತ್ತದೆ, ಹಾಗಾಗಿ ಪೂರ್ತಿ ಬೆಂದ ಮೇಲೆ ಅದರ ಚಿಂತೆ ಇಲ್ಲ. ಹೋಟೆಲಿನವರ ಹಾಗೆ ಒಳಗೆ ಗುಲಾಬಿ ಬಣ್ಣ ಉಳಿಸೋ ಶೋಕಿ ಮನೆಯಲ್ಲಿ ಬೇಡ.

ಮುಖ್ಯ ಕೆಲಸ ಇರೋದು ಇನ್ನು ಮುಂದೆ. ತುಂಡುಗಳನ್ನು ಸೌಟಿನಿಂದ ಎತ್ತಿ ಕಬ್ಬಿಣದ ಕಡಾಯಿಗೆ ಹಾಕು, ರಸ ಕುಕ್ಕರಿನಲ್ಲೇ ಇರಲಿ. ಮಾಂಸದ ಮೈಮೇಲಿನ ನೀರು ಆರುವವರೆಗೆ ಬರೀ ಗುಳುಗುಳು ಅನ್ನುತ್ತದೆ, ಆರಿತೋ ಇಲ್ಲವೋ ಚಟಪಟ ಶುರು. ಆಗ ಅದರ ಕೊಬ್ಬಿನಲ್ಲೇ ಅದು ಹುರಿಯುತ್ತದೆ. ಪದೇ ಪದೇ ಕೈಯಾಡಿಸಬೇಡ, ಒಂದು ಮಗ್ಗುಲು ಕೆಂಪಾಗಲಿ, ಆಮೇಲೆ ಹೊರಳಿಸು. ಜಾಸ್ತಿ ಕೊಬ್ಬು ಬಿಟ್ಟಿದ್ದರೆ ಒಂದು ಬಟ್ಟಲಿಗೆ ಬಸಿದು ಇಡು. ಈಗ ಹೆಚ್ಚಿದ ಎರಡು ಉಳ್ಳಾಗಡ್ಡಿ, ಅದು ಕೆಂಪಾದ ಮೇಲೆ ಬ್ಯಾಡಗಿ ಖಾರಪುಡಿ ಎರಡು ಚಮಚ (ಬಣ್ಣ ಬರುತ್ತದೆ, ಉರಿ ಕಡಿಮೆ, ಮಕ್ಕಳೂ ತಿನ್ನುತ್ತಾರೆ), ಒಂದು ಚಮಚ ಸೋಯಾ ಸಾಸ್, ಕುಕ್ಕರಿನ ರಸ, ಸಣ್ಣ ನಿಂಬೆಕಾಯಿಯ ಅರ್ಧದಷ್ಟು ಹುಣಸೆಹಣ್ಣು ಕಿವುಚಿದ ನೀರು. ಸೋಯಾ ಸಾಸಿನಲ್ಲೇ ಉಪ್ಪು ಇರುತ್ತದೆ, ರುಚಿ ನೋಡದೆ ಮತ್ತೆ ಉಪ್ಪು ಹಾಕಬೇಡ.

ರಸ ಅರ್ಧಕ್ಕೆ ಇಳಿದ ಮೇಲೆ ಮಾತ್ರ ಬೆಲ್ಲ. ಐವತ್ತು ಗ್ರಾಂ, ಪುಡಿ ಮಾಡಿ. ವೈನಿಗೆ ಇದನ್ನೇ ಒತ್ತಿ ಹೇಳು. ಮೊದಲೇ ಹಾಕಿದರೆ ಮಾಂಸ ಕೆಂಪಾಗೋದರೊಳಗೆ ಬೆಲ್ಲ ತಳ ಹಿಡಿದು ಸೀದು ಕಹಿಯಾಗುತ್ತದೆ, ಆ ಕಹಿ ಮತ್ತೆ ಏನು ಮಾಡಿದರೂ ಹೋಗೋದಿಲ್ಲ. ಬೆಲ್ಲ ಬಿದ್ದ ಮೇಲೆ ಕಡಾಯಿ ಬಿಟ್ಟು ಕದಲಬೇಡ. ಗುಳ್ಳೆ ಮೊದಲು ಸಣ್ಣಗಿರುತ್ತವೆ, ಆಮೇಲೆ ದೊಡ್ಡದಾಗಿ ನಿಧಾನಕ್ಕೆ ಒಡೆಯುತ್ತವೆ. ಸೌಟು ಎಳೆದರೆ ತಳ ಒಂದು ಗಳಿಗೆ ಕಾಣಬೇಕು, ತುಂಡಿಗೆಲ್ಲ ಪಾಕ ಹತ್ತಿ ಮಿರಮಿರ ಹೊಳೆಯಬೇಕು. ಅಷ್ಟೇ, ಇಳಿಸು. ಆರಿದಂತೆ ಇನ್ನೂ ಗಟ್ಟಿಯಾಗುತ್ತದೆ.

ಅನ್ನದ ಜೊತೆ ಚಲೋ. ಬಿಸಿ ಜೋಳದ ರೊಟ್ಟಿ ಇದ್ದರೆ ಅನ್ನದ ಕಡೆ ನಾನು ನೋಡೋದೇ ಇಲ್ಲ. ಪಕ್ಕಕ್ಕೆ ಹಸಿ ಉಳ್ಳಾಗಡ್ಡಿ, ಸೌತೆಕಾಯಿ. ಮನೆಯಲ್ಲಿ ತಿನ್ನದ ಹಿರಿಯರಿದ್ದಾರೆ ಅಂದೆ, ಅವರ ಊಟ ಮೊದಲು ಮುಗಿಸಿ, ಕಡಾಯಿ ಸೌಟು ಬೇರೆ ಇಟ್ಟುಕೊಳ್ಳಿ, ತಕರಾರೇ ಇರೋದಿಲ್ಲ.

ಬಸಿದ ಕೊಬ್ಬು ಚೆಲ್ಲಬೇಡ, ಫ್ರಿಜ್ಜಿನಲ್ಲಿಟ್ಟು ಮರುದಿನ ಅದರಲ್ಲೇ ಆಲೂಗಡ್ಡೆ ಹುರಿ. ಮತ್ತೆ ಈ ಕಡೆ ಬರುವಾಗ ಮಹಾಲಿಂಗಪುರದ ಬೆಲ್ಲ ಒಂದು ಪೆಂಟಿ ತಗೊಂಡು ಬಾ, ಇಲ್ಲಿ ನಮ್ಮ ಓಣಿಯ ಅಂಗಡಿಯಲ್ಲಿ ಸಿಗೋದು ಬರೀ ಹಳದಿ ಬಣ್ಣದ್ದು, ನನಗೆ ಸೇರೋದಿಲ್ಲ.

ನಿನ್ನ ದೋಸ್ತ,
ಬೆಳಗಾವಿಯಿಂದ