ಬಲಗೆನ್ನೆಗೆ ಐದು ಅಲಗು, ಎಡಗೆನ್ನೆಗೆ ಒಂದು

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಗಂಡಸರ ಅಲಂಕಾರದ ಬಗ್ಗೆ ಅರ್ಧ ಪುಟದ ಬರಹವಿತ್ತು. ಒಳ್ಳೆಯ ಕ್ಷೌರಕ್ಕೆ ಒಳ್ಳೆಯ ರೇಜರ್ ಬೇಕು, ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಡಲು ಹಿಂಜರಿಯಬಾರದು ಎಂಬುದು ಅದರ ಸಾರ. ಬರೆದವರಿಗೆ ಎಷ್ಟು ವರ್ಷಗಳಿಂದ ಗಡ್ಡ ಬರುತ್ತಿದೆಯೋ ನನಗೆ ತಿಳಿಯದು. ನನಗೆ ಐವತ್ತು ವರ್ಷಗಳಿಂದ ಬರುತ್ತಿದೆ. ಅದರಲ್ಲಿ ಮೂವತ್ತೊಂದು ವರ್ಷ ಹರಿಹರದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಅಲಗು ಮಸೆದು ಸಂಬಳ ಪಡೆದಿದ್ದೇನೆ. ಲೇತಿನ ಬಿಟ್, ಮಿಲ್ಲಿಂಗ್ ಕಟರ್, ರೀಮರ್, ಯಾವುದು ಮೊಂಡಾದರೂ ನನ್ನ ಮೇಜಿಗೇ ಬರುತ್ತಿತ್ತು. ಅಲಂಕಾರದ ವಿಷಯ ನನಗೆ ಬೇಡ. ಅಲಗಿನ ವಿಷಯದಲ್ಲಿ ಮಾತ್ರ ಎರಡು ಮಾತು ಹೇಳಬಹುದು ಎಂದುಕೊಂಡಿದ್ದೇನೆ.

ನಾನು ನಿವೃತ್ತನಾದ ವರ್ಷ ಬೆಂಗಳೂರಿನಲ್ಲಿರುವ ಮಗ ಐದು ಅಲಗಿನ ರೇಜರ್ ತಂದುಕೊಟ್ಟ. ಕಪ್ಪು ರಟ್ಟಿನ ಡಬ್ಬಿ, ಒಳಗೆ ಮೆತ್ತನೆಯ ಹಾಸು, ಅದರ ಮೇಲೆ ಮದುವೆಯ ಒಡವೆಯಂತೆ ಮಲಗಿದ್ದ ರೇಜರ್. ಅದರ ತಲೆ ಅತ್ತಿತ್ತ ವಾಲುತ್ತದೆ. ಅಲಗುಗಳ ಮೇಲೊಂದು ಪಟ್ಟಿಯಿದೆ, ನೀರು ತಾಗಿದರೆ ಲೋಳೆ ಬಿಡುತ್ತದೆ. ಜೊತೆಯಲ್ಲಿ ಬಂದಿದ್ದ, ಅಲಗುಗಳಿರುವ ಬದಲಿ ತಲೆಗಳಾದ ಕಾರ್ಟ್ರಿಜ್‌ಗಳಲ್ಲಿ ಎರಡು ತಿಂಗಳು ಸುಖವಾಗಿ ಕಳೆದೆ. ಅವು ಮುಗಿದ ಮೇಲೆ ಅಂಗಡಿಗೆ ಹೋದರೆ ಅಂಗಡಿಯವನು ಸೊಂಟದಿಂದ ಕೀಲಿ ತೆಗೆದು ಗಾಜಿನ ಕಪಾಟಿನ ಬೀಗ ತೆಗೆದ. ತೊಗರಿಬೇಳೆ ಬಾಗಿಲಲ್ಲೇ ಚೀಲದ ಬಾಯಿ ತೆರೆದುಕೊಂಡು ಕುಳಿತಿದೆ, ಬ್ಲೇಡಿಗೆ ಮಾತ್ರ ಬೀಗ! ನಾಲ್ಕು ಕಾರ್ಟ್ರಿಜ್‌ಗೆ ಒಂಬೈನೂರು ರೂಪಾಯಿ. ಹೆಂಡತಿ ಪಕ್ಕದಲ್ಲಿ ಇದ್ದಳು. ಕೊಳ್ಳದೆ ಬಂದರೆ ಮಗನಿಗೆ ಬೇಸರ, ಕೊಂಡರೆ ಇವಳಿಗೆ ಬೇಸರ. ಕೊಂಡೆ.

ಕಾರ್ಖಾನೆಯಲ್ಲಿ ಪ್ರತಿ ಕಟರ್ ಒಮ್ಮೆ ಮಸೆದ ಮೇಲೆ ಎಷ್ಟು ಜಾಬ್, ಎಂದರೆ ಕತ್ತರಿಸಬೇಕಾದ ಲೋಹದ ತುಂಡು, ಕತ್ತರಿಸಿತು ಎಂದು ಕಾರ್ಡಿನಲ್ಲಿ ಬರೆದಿಡುತ್ತಿದ್ದೆವು. ಆ ಚಟ ನನ್ನನ್ನು ಬಿಟ್ಟಿಲ್ಲ. ಬಚ್ಚಲಿನ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುತ್ತ ಬಂದೆ. ನಾನು ದಿನ ಬಿಟ್ಟು ದಿನ ಕ್ಷೌರ ಮಾಡಿಕೊಳ್ಳುವವನು, ವರ್ಷಕ್ಕೆ ನೂರೆಂಬತ್ತು ಸಲ ಎಂದಿಟ್ಟುಕೊಳ್ಳಿ. ಒಂದು ಕಾರ್ಟ್ರಿಜ್ ಹನ್ನೆರಡು ಸಲ ಬಂತು. ಎಂದರೆ ವರ್ಷಕ್ಕೆ ಹದಿನೈದು, ಬೆಲೆ 3,375 ರೂಪಾಯಿ. ನನ್ನ ಹಳೆಯ ರೇಜರಿಗೆ ಹಾಕುವ ಎರಡಂಚಿನ ಬ್ಲೇಡು ಐದರ ಪೊಟ್ಟಣಕ್ಕೆ ನಮ್ಮ ಬೀದಿಯಲ್ಲಿ ಇಪ್ಪತ್ತೈದು ರೂಪಾಯಿ. ಒಂದು ಬ್ಲೇಡು ಐದು ಸಲ ಬರುತ್ತದೆ. ವರ್ಷಕ್ಕೆ ಮೂವತ್ತಾರು ಬ್ಲೇಡು, 180 ರೂಪಾಯಿ. ಆ ಹಳೆಯ ರೇಜರ್ ನನ್ನ ತಂದೆ ದಾವಣಗೆರೆಯಲ್ಲಿ ಕೊಂಡದ್ದು. ಮೇಲಿನ ನಿಕ್ಕಲ್ ಸವೆದು ಹಿತ್ತಾಳೆ ಕಾಣುತ್ತಿದೆ. ಅದರ ಖರ್ಚನ್ನು ಯಾರ ಲೆಕ್ಕಕ್ಕೆ ಹಾಕಲಿ?

ಬೆಲೆಯೊಂದನ್ನೇ ನೋಡಿ ಹೇಳುತ್ತಿದ್ದಾನೆ ಎನ್ನಬಾರದು, ಆದ್ದರಿಂದ ಪರೀಕ್ಷೆಯನ್ನೂ ಮಾಡಿದೆ. ಒಂದು ತಿಂಗಳು ಬಲಗೆನ್ನೆಗೆ ಹೊಸ ರೇಜರ್, ಎಡಗೆನ್ನೆಗೆ ಹಳೆಯದು. ತೀರ್ಪು ಕೊಡಲು ಆರು ವರ್ಷದ ಮೊಮ್ಮಗಳನ್ನು ಕರೆದೆ. ಬೆಳಿಗ್ಗೆ ಎರಡೂ ಕೆನ್ನೆ ಸವರಿ ‘ಎರಡೂ ನುಣ್ಣಗಿದೆ’ ಎಂದಳು. ಸಂಜೆ ಸವರಿ ‘ಎರಡೂ ಚುಚ್ಚುತ್ತದೆ’ ಎಂದಳು. ಒಂದು ವ್ಯತ್ಯಾಸ ಮಾತ್ರ ನನ್ನ ಕೈಗೇ ಸಿಕ್ಕಿತು. ಬಲಗಡೆ, ಕಿವಿಯ ಕೆಳಗಿನ ಕುತ್ತಿಗೆಯಲ್ಲಿ ಸಾಸಿವೆ ಗಾತ್ರದ ಕೆಂಪು ಗುಳ್ಳೆಗಳೆದ್ದವು. ಕಾರಣ ಸರಳ. ಮುಂದಿನ ಅಲಗು ಕೂದಲನ್ನು ಸ್ವಲ್ಪ ಮೇಲಕ್ಕೆ ಎಳೆಯುತ್ತದೆ, ಅದು ಒಳಸರಿಯುವ ಮೊದಲೇ ಹಿಂದಿನದು ಕತ್ತರಿಸುತ್ತದೆ. ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಹೋಗುತ್ತದೆ. ನೇರ ಕೂದಲಾದರೆ ಮತ್ತೆ ಹೊರಬರುತ್ತದೆ. ಗುಂಗುರಾದರೆ ಒಳಗೇ ತಿರುಗಿ ಚರ್ಮವನ್ನು ಚುಚ್ಚುತ್ತದೆ. ನನ್ನ ಕುತ್ತಿಗೆಯ ಕೂದಲು ಗುಂಗುರು. ಹೆಚ್ಚು ಹಣ ಕೊಟ್ಟು ಪಡೆದದ್ದು ಇದನ್ನು.

ಈಗ ಅಲಗಿಗೆ ಬರುತ್ತೇನೆ. ಎರಡಂಚಿನ ಬ್ಲೇಡು ಎಂದರೆ 0.1 ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆ. ತುಕ್ಕು ಹಿಡಿಯದಂತೆ ಅದರಲ್ಲಿ ಕ್ರೋಮಿಯಂ ಇರುತ್ತದೆ, ಅಂಚಿನ ಮೇಲೆ ಜಾರಲೆಂದು ಟೆಫ್ಲಾನಿನ ತೆಳು ಲೇಪ. ದುಬಾರಿ ಕಾರ್ಟ್ರಿಜ್ಜಿನ ಅಲಗೂ ಇದೇ ಜಾತಿಯದು, ಸ್ವರ್ಗದಿಂದ ಇಳಿದದ್ದಲ್ಲ. ಕೂದಲಿಗಿಂತ ಐವತ್ತು ಪಟ್ಟು ಗಟ್ಟಿಯಾದ ಉಕ್ಕು ಕೂದಲಿನಿಂದ ಹೇಗೆ ಮೊಂಡಾಗುತ್ತದೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿತ್ತು. ಅಮೆರಿಕದ ಎಂಐಟಿ ಸಂಸ್ಥೆಯವರು 2020ರಲ್ಲಿ ಇದಕ್ಕೆ ಉತ್ತರ ಹೇಳಿದರು. ಕ್ಷೌರ ಮಾಡಿದ ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರೆ ಅಂಚು ಸವೆದು ದುಂಡಗಾಗಿರಲಿಲ್ಲ, ಚೂರು ಚೂರಾಗಿ ಎದ್ದಿತ್ತು. ಕೂದಲು ಬಾಗಿ ಅಂಚಿಗೆ ಓರೆಯಾಗಿ ಸಿಕ್ಕಾಗ, ಆ ಜಾಗದಲ್ಲಿ ಉಕ್ಕಿನ ಒಳರಚನೆ ಒಂದೇ ಸಮನಾಗಿಲ್ಲದಿದ್ದರೆ ಅಲ್ಲಿಂದ ಚೂರು ಏಳುತ್ತದೆ. ಓದಿ ನನಗೆ ನಗು ಬಂತು. ಜಾಬ್ ಅಲುಗಿದರೆ ಕಟರ್ ಚಿಪ್ ಆಗುತ್ತದೆ ಎಂದು ನಮ್ಮ ಹಳೆಯ ಮೇಸ್ತ್ರಿ ಹೊಸ ಹುಡುಗರಿಗೆ ಮೊದಲ ವಾರವೇ ಹೇಳಿಕೊಡುತ್ತಿದ್ದರು.

ಹಾಗಾದರೆ ಹಣ ಹೋಗುವುದೆಲ್ಲಿಗೆ? ಬಹುಪಾಲು, ಹಿಡಿಗೂ ತಲೆಗೂ ನಡುವಿನ ಆ ಸಣ್ಣ ಕೊಂಡಿಗೆ. ಜಿಲೆಟ್ ಕಂಪನಿ 1903ರಲ್ಲಿ ಮೊದಲ ಬಾರಿಗೆ ಮಾರಾಟಕ್ಕೆ ಇಳಿದಾಗ ಇಡೀ ವರ್ಷ ಮಾರಿದ್ದು 51 ರೇಜರ್, 168 ಬ್ಲೇಡು. ಹಿಡಿಯನ್ನು ಪುಕ್ಕಟೆ ಹಂಚಿ ಬ್ಲೇಡಿನಲ್ಲಿ ಹಣ ಮಾಡಿದರು ಎಂದು ಎಲ್ಲರೂ ಹೇಳುತ್ತಾರೆ, ಅದು ಅಷ್ಟು ನಿಜವಲ್ಲ. ಆಗ ರೇಜರಿನ ಬೆಲೆಯೇ ಐದು ಡಾಲರ್, ಆ ಕಾಲಕ್ಕೆ ದೊಡ್ಡ ಮೊತ್ತ. 1904ರಲ್ಲಿ ಸಿಕ್ಕಿದ ಪೇಟೆಂಟಿನ ಅವಧಿ 1921ರಲ್ಲಿ ಮುಗಿದ ಮೇಲೆಯೇ ಹಿಡಿಯ ಬೆಲೆ ಇಳಿದದ್ದು. ಆ ಪೇಟೆಂಟ್ ಮುಗಿದದ್ದು ನಮ್ಮ ಭಾಗ್ಯ. ಇವತ್ತು ನನ್ನ ತಂದೆಯ ರೇಜರಿಗೆ ಯಾವ ಕಂಪನಿಯ ಬ್ಲೇಡನ್ನಾದರೂ ಹಾಕಬಹುದು. ಒಂದು ಕಂಪನಿ ಬೆಲೆ ಏರಿಸಿದರೆ ಪಕ್ಕದ ಪೊಟ್ಟಣಕ್ಕೆ ಕೈ ಹಾಕುತ್ತೇನೆ. ಕಾರ್ಟ್ರಿಜ್ ರೇಜರಿನಲ್ಲಿ ಆ ಸ್ವಾತಂತ್ರ್ಯವಿಲ್ಲ, ಅದರ ಹಿಡಿಗೆ ಅದರದೇ ತಲೆ. 1971ರಲ್ಲಿ ಎರಡು ಅಲಗು, 1998ರಲ್ಲಿ ಮೂರು, 2006ರಲ್ಲಿ ಐದು ಎಂದು ಏರುತ್ತ ಹೋಯಿತು. ನನ್ನ ಗಡ್ಡ ಅಂದಿನಿಂದ ಇಂದಿನವರೆಗೆ ಅಷ್ಟೇ ಇದೆ, ಬಣ್ಣ ಮಾತ್ರ ಬದಲಾಗಿದೆ.

ಅದೇ ಕಂಪನಿ ನಮ್ಮ ದೇಶಕ್ಕೆಂದು ಮಾಡಿದ ರೇಜರಿನ ಕತೆ ನಿಮ್ಮ ಬರಹಗಾರರಿಗೆ ರುಚಿಸಬಹುದು. ಮೊದಲು ಒಂದು ರೇಜರನ್ನು ಎಂಐಟಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳಿಗೆ ಕೊಟ್ಟು ನೋಡಿದರು. ಹುಡುಗರು ಮೆಚ್ಚಿದರು. ಇಲ್ಲಿಗೆ ತಂದರೆ ಅಲಗಿನ ನಡುವೆ ಕೂದಲು ಸಿಕ್ಕಿ ಕುಳಿತಿತು. ಅಲ್ಲಿಯ ಹುಡುಗರಿಗೆ ಸುರಿಯುವ ನಲ್ಲಿಯಿತ್ತು, ಇಲ್ಲಿ ಜನ ಒಂದು ಲೋಟ ನೀರು ಇಟ್ಟುಕೊಂಡು ನೆಲದ ಮೇಲೆ ಕುಳಿತು ಕ್ಷೌರ ಮಾಡಿಕೊಳ್ಳುತ್ತಿದ್ದರು. ಆಮೇಲೆ ನಮ್ಮ ಮನೆಗಳಿಗೇ ಬಂದು ನೋಡಿ, 2010ರಲ್ಲಿ ಒಂದೇ ಅಲಗಿನ ರೇಜರನ್ನು ಹದಿನೈದು ರೂಪಾಯಿಗೆ ತಂದರು, ಕಾರ್ಟ್ರಿಜ್ ಐದು ರೂಪಾಯಿ. ಒಂದು ಅಲಗು ಸಾಕು ಎಂದು ಅವರಿಗೂ ಗೊತ್ತಿದೆ ಎಂದಾಯಿತಲ್ಲ.

ಖರ್ಚು ಮಾಡಲೇಬೇಕು ಎಂದಿದ್ದರೆ ನೀರಿಗೆ ಮಾಡಿ. ನಮ್ಮ ಮನೆಯಲ್ಲಿ ತುಂಗಭದ್ರೆಯ ನೀರು ಬಂದ ದಿನ ಬ್ರಷ್ ನಾಲ್ಕು ಸುತ್ತು ಸುತ್ತುವುದರಲ್ಲಿ ನೊರೆ ಏಳುತ್ತದೆ. ಬೋರ್‌ವೆಲ್ ನೀರಿನ ದಿನ ಅದೇ ಸೋಪು ಮೊಸರು ಒಡೆದಂತೆ ಒಡೆಯುತ್ತದೆ, ಅದರಲ್ಲಿರುವ ಸುಣ್ಣದ ಅಂಶ ಸೋಪನ್ನು ತಿಂದುಹಾಕುತ್ತದೆ. ಹಾಗಾಗಿ ಕ್ಷೌರಕ್ಕೆಂದೇ ನದಿ ನೀರಿನ ಒಂದು ಚೊಂಬು ಬೇರೆ ಇಡುತ್ತೇನೆ, ಬಿಸಿ ಮಾಡುತ್ತೇನೆ. ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ನೆನೆದ ಕೂದಲು ಒಣ ಕೂದಲಿಗಿಂತ ಎಷ್ಟೋ ಸಲೀಸಾಗಿ ಕತ್ತರಿಸಿಹೋಗುತ್ತದೆ. ಗಾಯವಾದರೆ ಪಟಿಕದ ತುಂಡೊಂದಿದೆ, ಹತ್ತು ರೂಪಾಯಿಯದು, ಮೂರು ವರ್ಷವಾದರೂ ಕರಗಿಲ್ಲ. ನನ್ನ ತಂಗಿಯ ಮಗ ಒಬ್ಬನಿದ್ದಾನೆ. ಅವನಲ್ಲಿ ಬ್ರಷ್ಷಿಗೊಂದು ಕಂಬ, ನೊರೆಗೊಂದು ಬಟ್ಟಲು, ಕ್ಷೌರಕ್ಕೆ ಮುಂಚೆ ಹಚ್ಚುವ ಎಣ್ಣೆ, ಆಮೇಲೆ ಹಚ್ಚುವ ಎಣ್ಣೆ ಎಲ್ಲ ಇವೆ. ಹನ್ನೊಂದು ಸಾವಿರವಾಯಿತು ಎಂದು ಹೆಮ್ಮೆಯಿಂದ ತೋರಿಸಿದ. ಆ ವಾರವೇ ಗಡ್ಡ ಬಿಡುವುದು ಫ್ಯಾಷನ್ ಎಂದು ಬಿಟ್ಟುಕೊಂಡ.

ನಿಜವಾಗಿ ಕಲಿಯಬೇಕಾದರೆ ಕ್ಷೌರದಂಗಡಿಯಲ್ಲಿ ಕುಳಿತು ನೋಡಬೇಕು. ನಮ್ಮ ಬೀದಿಯ ಅಂಗಡಿಯಾತ ಹೊಸ ಬ್ಲೇಡನ್ನು ಕಾಗದದ ಸಮೇತ ಉದ್ದಕ್ಕೆ ಮಡಚಿ ‘ಚಟ್’ ಎಂದು ಎರಡು ಮಾಡುತ್ತಾನೆ. ಒಂದು ಹೋಳು ಕತ್ತಿಗೆ, ಇನ್ನೊಂದು ಮುಂದಿನ ಗಿರಾಕಿಗೆಂದು ಅಂಗಿಯ ಜೇಬಿಗೆ. ನನ್ನ ಲೆಕ್ಕದಲ್ಲಿ ಎರಡೂವರೆ ರೂಪಾಯಿಯ ಅಲಗು. ಅದರಿಂದ ಬರುವಷ್ಟು ನುಣುಪಾದ ಕ್ಷೌರ ನನ್ನ ಒಂಬೈನೂರು ರೂಪಾಯಿಯ ಪೊಟ್ಟಣದಿಂದ ಒಂದು ದಿನವೂ ಬರಲಿಲ್ಲ. ಗಿರಾಕಿಗಳೆಲ್ಲ ಆತನ ಬಲಗೈಯನ್ನು, ಅದರಲ್ಲಿ ಹೊಳೆಯುವ ಕತ್ತಿಯನ್ನು ನೋಡುತ್ತ ಕುಳಿತಿರುತ್ತಾರೆ. ನಾನು ಎಡಗೈಯನ್ನು ನೋಡುತ್ತೇನೆ. ಕತ್ತಿ ಇಳಿಯುವ ಜಾಗಕ್ಕಿಂತ ಒಂದು ಬೆರಳು ಮೇಲೆ ಎಡಗೈ ಹೆಬ್ಬೆರಳು ಕುಳಿತಿರುತ್ತದೆ, ಚರ್ಮವನ್ನು ತಮಟೆಯಂತೆ ಬಿಗಿಯುತ್ತದೆ. ಕತ್ತಿ ಅರ್ಧ ಅಂಗುಲ ಸರಿದರೆ ಹೆಬ್ಬೆರಳೂ ಸರಿಯುತ್ತದೆ. ಗದ್ದದ ಗುಳಿಯಲ್ಲಿ, ಮೂಗಿನ ಕೆಳಗೆ, ಗಂಟಲ ಗಂಟಿನ ಮೇಲೆ ಎಲ್ಲೂ ಸಡಿಲ ಬಿಡುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಜಾಬನ್ನು ವೈಸ್ ಎಂಬ ಇಕ್ಕಳದಲ್ಲಿ ಬಿಗಿಯುವುದು. ಜಾಬ್ ಬಿಗಿಯಾಗಿದ್ದರೆ ಸಾಧಾರಣ ಕಟರ್ ಕೂಡ ಕನ್ನಡಿಯಂತೆ ಕತ್ತರಿಸುತ್ತದೆ.

ಇದನ್ನು ಗಮನಿಸಿದ ಮೇಲೆ ಮನೆಗೆ ಬಂದು ಮಗ ಕೊಟ್ಟ ರೇಜರನ್ನು ಭೂತಗನ್ನಡಿ ಹಿಡಿದು ನೋಡಿದೆ. ಅಲಗುಗಳ ಮುಂದೆ ಬಾಚಣಿಗೆಯ ಹಲ್ಲಿನಂಥ ರಬ್ಬರಿನ ಸಾಲು ಇದೆ. ಅಲಗಿಗಿಂತ ಮೊದಲು ಅದು ಚರ್ಮಕ್ಕೆ ತಾಗಿ ಎಳೆದು ಬಿಗಿಯುತ್ತದೆ. ಆ ರಬ್ಬರೇ ಎಡಗೈ! ಎರಡು ಕೈಯೂ ನೆಟ್ಟಗಿರುವ ನನಗೆ ಇನ್ನೊಂದು ಎಡಗೈಯನ್ನು ವರ್ಷಕ್ಕೆ ಮೂರು ಸಾವಿರದ ಮೇಲೆ ಮಾರಿದ್ದರು. ರೇಜರನ್ನು ಅದರ ಕಪ್ಪು ಡಬ್ಬಿಯಲ್ಲೇ ಮಲಗಿಸಿ ಅಟ್ಟಕ್ಕೆ ಹಾಕಿದೆ. ಪತ್ರ ಇಲ್ಲಿಗೆ ಮುಗಿಯಬೇಕಿತ್ತು.

ಮುಗಿಯದಿರಲು ಕಾರಣ ನನ್ನ ಅಣ್ಣ. ಎಪ್ಪತ್ತನಾಲ್ಕು ವರ್ಷ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಎಡಗೈ ಬಿದ್ದುಹೋಯಿತು. ನಡೆಯುತ್ತಾನೆ, ಮಾತನಾಡುತ್ತಾನೆ, ಬಲಗೈಯಲ್ಲಿ ಊಟ ಮಾಡುತ್ತಾನೆ. ಆದರೆ ಗಡ್ಡಕ್ಕೆ ಬೇರೆಯವರ ಕೈ ತಾಗಿಸಿಕೊಳ್ಳುವುದಿಲ್ಲ ಎಂಬ ಹಟ. ಕ್ಷೌರದಾತನನ್ನು ಮನೆಗೆ ಕರೆಸಿದರೆ ಹಣ ಕೊಟ್ಟು ಬಾಗಿಲಿಂದಲೇ ಕಳುಹಿಸಿದ. ಒಂದು ಬೆಳಿಗ್ಗೆ ಹಳೆಯ ರೇಜರಿನಲ್ಲಿ ಒಂದೇ ಕೈಯಲ್ಲಿ ಪ್ರಯತ್ನಿಸಿ ಗದ್ದದ ಕೆಳಗೆ ಕೊಯ್ದುಕೊಂಡ. ರಕ್ತ ಹೆಪ್ಪುಗಟ್ಟದಂತೆ ದಿನವೂ ಮಾತ್ರೆ ನುಂಗುವವನು. ಪಟಿಕ ಒತ್ತಿದರೂ ನಿಲ್ಲಲಿಲ್ಲ, ಬನಿಯನ್ ಪೂರ್ತಿ ಕೆಂಪಾಯಿತು. ಬಟ್ಟೆ ಒತ್ತಿ ಹಿಡಿದು ಅರ್ಧ ಗಂಟೆ ಕುಳಿತಿದ್ದೆ. ಇಬ್ಬರೂ ಮಾತನಾಡಲಿಲ್ಲ.

ಮರುದಿನ ಅಟ್ಟ ಹತ್ತಿದೆ. ಐದು ಅಲಗಿನ ರೇಜರನ್ನು ಒರೆಸಿ ಅವನ ಕೈಗೆ ಕೊಟ್ಟೆ. ಕನ್ನಡಿಯ ಮುಂದೆ ಕುಳಿತು, ಬಾಯಿಯನ್ನು ಒಂದು ಕಡೆಗೆ ಸೊಟ್ಟ ಮಾಡಿ, ಬಲಗೈಯೊಂದರಲ್ಲೇ ಎಳೆದ. ತಲೆ ತಾನೇ ವಾಲಿ ದವಡೆಯ ಮೂಳೆಯನ್ನು ಸುತ್ತಿಕೊಂಡು ಇಳಿಯಿತು. ಜೋತುಬಿದ್ದ ಎಡಗೆನ್ನೆಯನ್ನು ರಬ್ಬರು ಬಿಗಿಯಿತು. ಒಂದು ಹನಿ ರಕ್ತ ಬರಲಿಲ್ಲ. ಮುಗಿಸಿ ಕೆನ್ನೆ ಸವರಿಕೊಂಡು ‘ಇದು ಎಲ್ಲಿತ್ತು ಇಷ್ಟು ದಿನ?’ ಎಂದು ಗದರಿದ. ಎಷ್ಟೋ ತಿಂಗಳ ಮೇಲೆ ನನ್ನನ್ನು ಗದರಿದ್ದು ಅಂದೇ.

ಈಗ ಬೀಗ ಹಾಕಿದ ಆ ಕಪಾಟಿನ ಮುಂದೆ ನಾನೇ ಹೋಗಿ ನಿಲ್ಲುತ್ತೇನೆ, ಚೌಕಾಸಿ ಮಾಡದೆ ಒಂಬೈನೂರು ಎಣಿಸುತ್ತೇನೆ. ನನ್ನ ಕ್ಷೌರ ಮಾತ್ರ ಅಪ್ಪನ ಹಿತ್ತಾಳೆಯಲ್ಲೇ. ಪುರವಣಿಯವರು ಮುಂದೊಮ್ಮೆ ಈ ವಿಷಯ ಬರೆದರೆ ರೇಜರಿನ ಬೆಲೆಯ ಪಕ್ಕದಲ್ಲಿ ಅದರ ವರ್ಷದ ಬ್ಲೇಡಿನ ಖರ್ಚನ್ನೂ ಅಚ್ಚು ಮಾಡಲಿ. ಒಂದು ಕೈಯಲ್ಲಿ, ನಡುಗುವ ಕೈಯಲ್ಲಿ ಬಳಸುವವರಿಗೆ ಯಾವುದು ಆಗುತ್ತದೆ ಎಂದು ನಾಲ್ಕು ಸಾಲು ಸೇರಿಸಲಿ. ಇಪ್ಪತ್ತು ವರ್ಷದ ಹುಡುಗನ ಚಿತ್ರವನ್ನೇ ಹಾಕಬೇಕೆಂದಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಅದರ ಬೆಲೆ ಎಷ್ಟೆಂದು ಅಣ್ಣ ಎರಡು ಸಲ ಕೇಳಿದ್ದಾನೆ. ನಾನು ಮಾತು ತೇಲಿಸಿದ್ದೇನೆ. ಗೊತ್ತಾದರೆ ನಾಳೆಯಿಂದಲೇ ಗಡ್ಡ ಬಿಟ್ಟುಕೊಳ್ಳುವ ಮನುಷ್ಯ. ನಿಮ್ಮ ಪತ್ರಿಕೆಯನ್ನು ಮೊದಲ ಪುಟದಿಂದ ಟೆಂಡರ್ ಪ್ರಕಟಣೆಯವರೆಗೆ ಒಂದಕ್ಷರ ಬಿಡದೆ ಓದುತ್ತಾನೆ. ಈ ಪತ್ರವನ್ನು ಪ್ರಕಟಿಸುವುದಾದರೆ ದಯವಿಟ್ಟು ನನ್ನ ಹೆಸರು ಹಾಕಬೇಡಿ.

ಇತಿ,
ನಿಮ್ಮ ಹಳೆಯ ಓದುಗ
ಹರಿಹರ